ಎಡೆಕುಂಟೆಗೆ ಯಾವ ಲೋಹ?

ತಾಳವಾಡಿಯ ತಂಗಿಗೆ,

ಉಕ್ಕು, ಅಲ್ಯೂಮಿನಿಯಂಗಳ ತಯಾರಿಕೆಗೆ ತಗಲುವ ಶಕ್ತಿಯನ್ನು ನೀವು ಕಿಲೋಗೆ ಕಿಲೋ ಹೋಲಿಸಿದ್ದೀರಿ. ಲೆಕ್ಕ ಎಡವಿದ್ದು ಅಲ್ಲೇ. ಅದೇ ಗಾತ್ರದ ಅಲ್ಯೂಮಿನಿಯಂ ತೂಕ ಉಕ್ಕಿನ ಸುಮಾರು ಮೂರನೇ ಒಂದು ಭಾಗ. ಇಡೀ ಎಡೆಕುಂಟೆಯನ್ನೇ ತೂಗಿ ನೋಡಿ. ಆಗಲೂ ಗೆಲ್ಲುವುದು ಉಕ್ಕೇ. ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ಕರೆಂಟ್ ಬೇಕು, ಅದೂ ನಮ್ಮಲ್ಲಿ ಹೆಚ್ಚಾಗಿ ಕಲ್ಲಿದ್ದಲಿನದು. ಮೆಟ್ಟೂರಿನ ಅಲ್ಯೂಮಿನಿಯಂ ಕಾರ್ಖಾನೆಗಾಗಿ ಏರ್ಕಾಡು, ಕೊಲ್ಲಿಮಲೆಗಳನ್ನು ಅಗೆದದ್ದು ಅದರ ಅದಿರಾದ ಬಾಕ್ಸೈಟಿಗೇ.

ಗುಜರಿಯಿಂದ ಕರಗಿಸಿದ ಅಲ್ಯೂಮಿನಿಯಂ ಆದರೆ ಶೇ 95ರಷ್ಟು ಶಕ್ತಿ ಉಳಿತಾಯ. ಅಂಥದ್ದು ಸಿಕ್ಕರೆ ಹಿಡಿಕೆಗೆ ಧಾರಾಳವಾಗಿ ಬಳಸಿ. ರಾಗಿ ಹೊಲದಲ್ಲಿ ದಿನವಿಡೀ ತಳ್ಳುವ ತೋಳಿಗೆ ಹಗುರ. ಅಲಗು ಮಾತ್ರ ಉಕ್ಕಿನದೇ ಇರಲಿ, ಸವೆದರೆ ಕುಲುಮೆಯಲ್ಲಿ ಕಾಯಿಸಿ ಹಣಿಸಬಹುದು. ಅಲ್ಯೂಮಿನಿಯಂ ಬೆಸುಗೆಗೆ ಚಾಮರಾಜನಗರಕ್ಕೋ, ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೋ ಓಡಬೇಕಾದೀತು.

ಎರಡೂ ಲೋಹ ಕೂಡುವಲ್ಲಿ ರಬ್ಬರ್ ವಾಷರ್ ಹಾಕಿ; ಇಲ್ಲದಿದ್ದರೆ ಮಳೆಗಾಲದಲ್ಲಿ ಅಲ್ಯೂಮಿನಿಯಂ ಬೇಗ ಕ್ಷಯಿಸುತ್ತದೆ.