ಒಂದೂರಿನ ಮೇವು, ಇನ್ನೊಂದೂರಿನ ಕಳೆ

ಮೇವಿನ ಹುಲ್ಲಿನ ಬೀಜ, ಬೇರುತುಂಡುಗಳನ್ನು ತರಿಸಿಕೊಡಬೇಕೆಂದು ನಮ್ಮ ಸದಸ್ಯರಲ್ಲಿ ಹಲವರು ಕೇಳುತ್ತಿರುತ್ತಾರೆ. ತೋಟದಲ್ಲಿ ದನ ಕಟ್ಟುವವರಿಗೆ ಹಸಿರು ಮೇವು ಬೇಕೇ ಬೇಕು. ಆದರೆ ಹೊರಗಿನ ಹುಲ್ಲನ್ನು ಬರಮಾಡಿಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಯೊಂದನ್ನು ಈ ಪಾಠದಲ್ಲಿ ನೋಡೋಣ.

ದೀಪಾವಳಿ ಕಳೆದ ಮೇಲೆ ನಾವು ಕೆಲವರು ಸಿಂಧನೂರಿನಿಂದ ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗಿದ್ದೆವು. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಮಸ್ಕಿಯ ಗುಡ್ಡದ ಕಡೆ ಬೀಳು ನೆಲ, ಕುರಿ ಹಿಂಡು. ಆ ಬೀಳಿನಲ್ಲಿ ಎರಡು ಹುಲ್ಲುಗಳನ್ನು ಕಂಡೆವು. ಒಂದು ಅಂಜನ್ ಹುಲ್ಲು: ನರಿಬಾಲದಂಥ ತೆನೆ, ಆಳಕ್ಕಿಳಿಯುವ ಬೇರು, ಬರ ತಡೆಯುವ ಗುಣ. ಇನ್ನೊಂದು, ಪಂಚೆಗೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುವ ಊಬಿನ ಹುಲ್ಲು. ಎರಡೂ ನಮ್ಮ ಒಣಭೂಮಿಗೆ ಹಳಬರು. ಕುರಿಯ ಬಾಯಿಗೆ, ಬರಕ್ಕೆ ಒಗ್ಗಿಕೊಂಡು ಜೊತೆಯಲ್ಲೇ ಬೆಳೆದು ಬಂದವು. ನೀರು ನಿಂತು ನೆಲ ಜೌಗಾದ ಕಡೆ ಅಂಜನ್ ಹುಲ್ಲು ತಾನಾಗಿ ಹಿಂದೆ ಸರಿಯುತ್ತದೆ.

ಇವೇ ಎರಡು ಹುಲ್ಲುಗಳು ಕೋನಾ ಕಾಫಿಗೆ ಹೆಸರಾದ ಹವಾಯಿ ದ್ವೀಪಗಳಲ್ಲಿಯೂ ಇವೆ. ಊಬಿನ ಹುಲ್ಲನ್ನು ಅಲ್ಲಿನವರು 'ಪಿಲಿ' ಎನ್ನುತ್ತಾರೆ. ಹಿಂದೆ ಮನೆಗೆ ಹೊದೆಸುತ್ತಿದ್ದುದು ಅದನ್ನೇ. ಅಂಜನ್ ಹುಲ್ಲನ್ನು 1930ರ ದಶಕದಲ್ಲಿ ದನಗಳ ಮೇವಿಗೆಂದು ತರಲಾಯಿತು. ಅದು ಒಣ ಇಳಿಜಾರುಗಳಲ್ಲಿ ಪಿಲಿಯನ್ನು ತಳ್ಳಿ ತಾನೇ ಹಬ್ಬಿತು.

ದ್ವೀಪಗಳಲ್ಲಿ ಹೀಗಾಗುವುದೇಕೆ? ಹವಾಯಿ ನಡುಸಾಗರದ ನಾಡು. ಅಲ್ಲಿಗೆ ಸಹಜವಾದ, ನೆಲದ ಮೇಲೆ ಬಾಳುವ ಸಸ್ತನಿ ಎಂದರೆ ಬಾವಲಿ ಮಾತ್ರ. ಮೇಕೆ ಬಂದುದು 1778ರಲ್ಲಿ, ದನ 1793ರಲ್ಲಿ. ಆದ್ದರಿಂದ ಅಲ್ಲಿನ ಗಿಡಗಳಿಗೆ ಗೊರಸಿನ ತುಳಿತದ ಅಭ್ಯಾಸವಿರಲಿಲ್ಲ; ಕಾಡಿಗೆ ಬೆಂಕಿಯೂ ಅಪರೂಪ. ಹೊರಗಿನಿಂದ ಬಂದ ಅಂಜನ್ ಹುಲ್ಲು, ಗಿನಿ ಹುಲ್ಲುಗಳು ಒಣಗಿದಾಗ ಬೇಗ ಹೊತ್ತಿಕೊಳ್ಳುತ್ತವೆ, ಸುಟ್ಟ ಬುಡದಿಂದ ಮತ್ತೆ ಚಿಗುರುತ್ತವೆ. ಸ್ಥಳೀಯ ಮರಗಳು ಹಾಗೆ ಚಿಗುರಲಾರವು. ಮರ ಹೋದ ಜಾಗಕ್ಕೆ ಹುಲ್ಲು ಬರುತ್ತದೆ. ಹುಲ್ಲು ಹೆಚ್ಚಿದಷ್ಟೂ ಮುಂದಿನ ಬೆಂಕಿ ದೊಡ್ಡದಾಗುತ್ತದೆ.

ಮಾವಿ ದ್ವೀಪದ ಲಹೈನಾ ಪಟ್ಟಣದ ಸುತ್ತ ಹಿಂದೆ ಕಬ್ಬು ಬೆಳೆಯುತ್ತಿದ್ದರು. ಅಲ್ಲಿನ ಸಕ್ಕರೆ ಕಾರ್ಖಾನೆ 1999ರಲ್ಲಿ ಮುಚ್ಚಿತು. ಬೀಳುಬಿದ್ದ ಹೊಲಗಳನ್ನು ಇಂಥ ಹುಲ್ಲುಗಳು ಆವರಿಸಿದವು. 2023ರ ಆಗಸ್ಟ್ 8ರಂದು ವಿದ್ಯುತ್ ತಂತಿಯಿಂದ ಹೊತ್ತಿದ ಬೆಂಕಿಗೆ ಬಿರುಗಾಳಿ ಜೊತೆಯಾಯಿತು, ಒಣಹುಲ್ಲು ಉರುವಲಾಯಿತು. ಪಟ್ಟಣ ಸುಟ್ಟುಹೋಗಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಸಮುದ್ರ ನಮಗೆ ದೂರವೆಂದು ಸುಮ್ಮನಿರುವಂತಿಲ್ಲ. ಬಾಬಾಬುಡನ್‌ಗಿರಿ, ಕುದುರೆಮುಖ, ಬ್ರಹ್ಮಗಿರಿಗಳ ಶೋಲಾ ಕಾಡುಗಳೂ ನೆತ್ತಿಯ ಹುಲ್ಲುಗಾವಲುಗಳೂ ತಗ್ಗಿನ ನಾಡಿನ ನಡುವೆ ಬೇರ್ಪಟ್ಟು ನಿಂತ ದ್ವೀಪಗಳೇ. ನಮ್ಮ ತೋಟಗಳಿಗೆ ಇಳಿಯುವ ಹಳ್ಳಗಳ ಮೂಲ ಅಲ್ಲಿದೆ. ಅಲಂಕಾರಕ್ಕೆಂದು ಈ ದೇಶಕ್ಕೆ ಬಂದ ಲಂಟಾನ ಬೇಲಿ ದಾಟಿ ಕಾಡು ಹೊಕ್ಕುದನ್ನು ನಾವೆಲ್ಲರೂ ಬಲ್ಲೆವು.

ಹಾಗೆಂದು ಗಿನಿ ಹುಲ್ಲನ್ನು ಕಿತ್ತೆಸೆಯಬೇಕಾಗಿಲ್ಲ. ಅದು ಒಳ್ಳೆಯ ಮೇವು. ಈ ಕೆಳಗಿನ ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು:

1. ಮೇವಿನ ಹುಲ್ಲನ್ನು ಕೊಟ್ಟಿಗೆಯ ಸಮೀಪ, ಕಣ್ಣಳತೆಯಲ್ಲಿ ನೆಡಿ. ಕಾಡು ಅಥವಾ ಗುಡ್ಡದ ಹುಲ್ಲುಗಾವಲಿಗೆ ತಾಗಿದ ಅಂಚಿನಲ್ಲಿ ಬೇಡ.

2. ತೆನೆ ಬರುವ ಮೊದಲೇ ಕೊಯ್ಯಿರಿ.

3. ಕಿತ್ತ ಬುಡಗಳನ್ನು ಹಳ್ಳಕ್ಕೆ, ರಸ್ತೆ ಬದಿಗೆ ಎಸೆಯಬೇಡಿ.

4. ಫೆಬ್ರವರಿಗೆ ಮೊದಲು ಗಡಿಯಲ್ಲಿ ಒಣಗಿದ ಹುಲ್ಲನ್ನು ಸವರಿ ತೆಗೆಯಿರಿ. ಕಿಡಿ ಬಿದ್ದರೆ ಕಾಫಿ, ಮೆಣಸು, ಅಡಿಕೆ ಒಂದೂ ಉಳಿಯದು; ನೆರೆಯವರ ತೋಟವೂ ಉಳಿಯದು.

ಇನ್ನು ಮುಂದೆ ಹುಲ್ಲಿನ ಬೇರುತುಂಡಿಗೆ ಬೇಡಿಕೆ ಸಲ್ಲಿಸುವ ಸದಸ್ಯರು, ಎಷ್ಟು ಬೇಕು ಎಂಬುದರ ಜೊತೆಗೆ ಎಲ್ಲಿ ನೆಡುತ್ತೀರಿ ಎಂಬುದನ್ನೂ ಬರೆದು ತಿಳಿಸಬೇಕಾಗಿ ಕೋರುತ್ತೇವೆ.