ಹಾಲಿನ ಹದಕ್ಕೊಂದು ಮಾತು, ಪರೀಕ್ಷೆಯ ಪಾತ್ರೆಗೊಂದು ಹೆಸರು



ಪಶುವೈದ್ಯರಿಗೆ ಬರುವ ದೂರವಾಣಿ ಕರೆಗಳಲ್ಲಿ ಪದೇ ಪದೇ ಕೇಳಿಬರುವ ಮಾತು ಒಂದಿದೆ: "ಸಾರ್, ಹಾಲು ಕೆಟ್ಟೋಗದ." ಇದನ್ನು ಕೇಳಿದ ವೈದ್ಯರಿಗೆ ಏನು ಅರ್ಥವಾಗಬೇಕು? ಕರೆಯುವಾಗಲೇ ಹಾಲಿನಲ್ಲಿ ಚೂರು ಬಂತೇ? ಒಲೆಯ ಮೇಲಿಟ್ಟಾಗ ಒಡೆಯಿತೇ? ಹುಳಿ ವಾಸನೆ ಬಂತೇ? ನೀರಿನಂತಾಯಿತೇ? ಕೆಂಪಾಯಿತೇ? ಇವು ಐದೂ ಬೇರೆ ಬೇರೆ. ಒಂದಕ್ಕೆ ಚುಚ್ಚುಮದ್ದು ಬೇಕು, ಇನ್ನೊಂದಕ್ಕೆ ಪಾತ್ರೆ ಉಜ್ಜಿದರೆ ಸಾಕು. ಸರಿಯಾದ ಮಾತು ಸಿಗದಿದ್ದರೆ ವೈದ್ಯರು ಬಂದು ನೋಡುವವರೆಗೆ ಏನೂ ತಿಳಿಯುವುದಿಲ್ಲ. ಅಷ್ಟರಲ್ಲಿ ಹಸುವಿನ ಒಂದು ಮೊಲೆ ಕೈತಪ್ಪಿ ಹೋಗಿರಬಹುದು.

ಹಾಗೆಯೇ ಸಂಘದ ಪರೀಕ್ಷಾ ಮೇಜಿನ ಮೇಲಿರುವ ಸಾಮಾನುಗಳ ಹೆಸರು ತಿಳಿಯದ ಸದಸ್ಯರು ತಮ್ಮ ಚೀಟಿಯಲ್ಲಿ ಬಂದ ಅಂಕಿಯನ್ನು ಪ್ರಶ್ನಿಸಲಾರರು. ಆದ್ದರಿಂದ ಈ ಸಂಚಿಕೆಯಲ್ಲಿ ಪಾತ್ರೆ, ಉಪಕರಣಗಳ ಹೆಸರು ಮತ್ತು ಹಾಲಿನ ಹದವನ್ನು ಹೇಳುವ ಮಾತು, ಇವೆರಡನ್ನೂ ಒಟ್ಟಿಗೆ ತಿಳಿದುಕೊಳ್ಳೋಣ.

1. ಪರೀಕ್ಷಾ ಮೇಜಿನ ಮೇಲಿನ ಸಾಮಾನು

ಪ್ಲಂಜರ್: ಉದ್ದನೆಯ ಹಿಡಿಯ ತುದಿಗೆ ತೂತುಗಳಿರುವ ತಟ್ಟೆ. ಹಾಲನ್ನು ಮೇಲೆ ಕೆಳಗೆ ಕಲಕುವುದಕ್ಕೆ ಇದು ಬೇಕು. ನಿಂತ ಹಾಲಿನಲ್ಲಿ ಕೆನೆ ಮೇಲೇರುತ್ತದೆ. ಕಲಕದೆ ಮೇಲಿನಿಂದ ಮಾದರಿ ತೆಗೆದರೆ ಕೊಬ್ಬು ಹೆಚ್ಚು ಬರುತ್ತದೆ, ತಳದಿಂದ ತೆಗೆದರೆ ಕಡಿಮೆ. ಎರಡೂ ಸುಳ್ಳು ಅಂಕಿ. ಮಾದರಿ ತೆಗೆಯುವ ಮುನ್ನ ಹಾಲು ಕಲಕಿದರೇ ಎಂದು ನೋಡುವುದು ಸದಸ್ಯರ ಹಕ್ಕು.

ಲ್ಯಾಕ್ಟೋಮೀಟರ್: ಪಠ್ಯಪುಸ್ತಕದಲ್ಲಿ ಇದಕ್ಕೆ ಕ್ಷೀರಮಾಪಕ ಎನ್ನುತ್ತಾರೆ. ತಳದಲ್ಲಿ ಭಾರವಿರುವ, ಮೇಲೆ ಸಣ್ಣ ಕೊಳವೆಯಿರುವ ಗಾಜಿನ ಬುರುಡೆ. ಹಾಲಿನಲ್ಲಿ ತೇಲಬಿಟ್ಟರೆ ಹಾಲಿನ ಸಾಂದ್ರತೆ ತಿಳಿಯುತ್ತದೆ. ಸಾಂದ್ರತೆ 1.028 ಇದ್ದರೆ ಕೊನೆಯ ಎರಡು ಅಂಕಿ ಮಾತ್ರ ತೆಗೆದುಕೊಂಡು 28 ಎಂದು ಓದುತ್ತಾರೆ. ನೀರು ಬೆರೆಸಿದರೆ ಬುರುಡೆ ಮುಳುಗುತ್ತದೆ, ಅಂಕಿ ಇಳಿಯುತ್ತದೆ. ಕೆನೆ ತೆಗೆದರೆ ಬುರುಡೆ ಮೇಲೇಳುತ್ತದೆ, ಅಂಕಿ ಏರುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಬೆರೆಸಿದರೆ ಲ್ಯಾಕ್ಟೋಮೀಟರಿಗೆ ಮೋಸವಾಗುತ್ತದೆ. ಕೊಬ್ಬಿನ ಪರೀಕ್ಷೆಯನ್ನೂ ಜೊತೆಗೆ ಮಾಡುವುದು ಇದಕ್ಕಾಗಿಯೇ. ಬಿಸಿ ಹಾಲಿನಲ್ಲಿ, ನೊರೆ ಆರದ ಹಾಲಿನಲ್ಲಿ ಅಂಕಿ ಕಡಿಮೆ ತೋರುತ್ತದೆ. ಹಾಲಿನ ಉಷ್ಣತೆ ನೋಡಿ ಅಂಕಿಯನ್ನು ತಿದ್ದಿಕೊಳ್ಳಬೇಕು.

ಪಿಪೆಟ್: ಹಾಲನ್ನು ಅಳತೆಗೆ ಸರಿಯಾಗಿ ಹೀರಿ ಬಿಡುವ ಗಾಜಿನ ಕೊಳವೆ. ಕೊಬ್ಬಿನ ಪರೀಕ್ಷೆಗೆ ಬಳಸುವುದು 10.75 ಮಿ.ಲೀ. ಪಿಪೆಟ್. ಇದರ ತುದಿ ಒಡೆದಿದ್ದರೆ ಅಳತೆ ತಪ್ಪುತ್ತದೆ.

ಟಿಲ್ಟ್ ಮೆಷರ್: ಬಾಟಲಿಯ ಬಾಯಿಗೆ ಕೂರಿಸಿದ ಗಾಜಿನ ಅಳತೆ. ಬಾಟಲಿಯನ್ನು ಓರೆ ಮಾಡಿದರೆ ಗೊತ್ತಾದ ಅಳತೆಯಷ್ಟೇ ಸುರಿಯುತ್ತದೆ. ಆಮ್ಲಕ್ಕೆ 10 ಮಿ.ಲೀ.ನದು, ಅಮೈಲ್ ಆಲ್ಕೋಹಾಲಿಗೆ 1 ಮಿ.ಲೀ.ನದು. ಆಮ್ಲವನ್ನು ಬಾಯಿಂದ ಹೀರುವ ಪ್ರಶ್ನೆಯೇ ಇಲ್ಲ.

ಬ್ಯೂಟಿರೋಮೀಟರ್: ಹೊಟ್ಟೆ ದಪ್ಪಗಿದ್ದು ಕತ್ತು ಸಪೂರವಾಗಿರುವ ಗಾಜಿನ ಕೊಳವೆ. ಕತ್ತಿನ ಮೇಲೆ ಗೆರೆಗಳಿವೆ. ದೊಡ್ಡ ಗೆರೆ ಶೇಕಡಾ 1, ಸಣ್ಣ ಗೆರೆ ಶೇಕಡಾ 0.1. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1891ರಲ್ಲಿ ರೂಪಿಸಿದ ಪರೀಕ್ಷೆ ಇದು. ಆದ್ದರಿಂದ ಗರ್ಬರ್ ಪರೀಕ್ಷೆ ಎಂದೇ ಹೆಸರು. ಮೊದಲು ಗಂಧಕಾಮ್ಲ, ಆಮೇಲೆ ಗೋಡೆಯ ಮೇಲೆ ನಿಧಾನವಾಗಿ ಇಳಿಸಿದ ಹಾಲು, ಕೊನೆಗೆ ಅಮೈಲ್ ಆಲ್ಕೋಹಾಲ್, ಇದು ಕ್ರಮ. ಆಮ್ಲ ಹಾಲಿನ ಉಳಿದ ಘನಾಂಶವನ್ನು ಕರಗಿಸುತ್ತದೆ, ಕೊಬ್ಬು ಬಿಡಿಯಾಗುತ್ತದೆ.

ಸೆಂಟ್ರಿಫ್ಯೂಜ್: ಬ್ಯೂಟಿರೋಮೀಟರುಗಳನ್ನು ಇಟ್ಟು ಗಿರ್ರನೆ ತಿರುಗಿಸುವ ಯಂತ್ರ. ಮಜ್ಜಿಗೆ ಕಡೆದರೆ ಬೆಣ್ಣೆ ಬೇರೆಯಾಗುವಂತೆ ಇಲ್ಲಿ ಹಗುರವಾದ ಕೊಬ್ಬು ಕತ್ತಿನ ಕಡೆ ಸೇರುತ್ತದೆ. ಆನಂತರ 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿಟ್ಟು ಗೆರೆ ಓದುತ್ತಾರೆ.

ಈಗ ಅನೇಕ ಸಂಘಗಳಲ್ಲಿ ವಿದ್ಯುನ್ಮಾನ ಯಂತ್ರವೇ ಕೊಬ್ಬು ಮತ್ತು ಜಿಡ್ಡೇತರ ಘನಾಂಶವನ್ನು ತೋರಿಸುತ್ತದೆ. ಆದರೂ ಯಂತ್ರದ ಅಂಕಿಯ ಬಗ್ಗೆ ಅನುಮಾನ ಬಂದಾಗ ತಾಳೆ ನೋಡಲು ಗರ್ಬರ್ ಪರೀಕ್ಷೆ ಬೇಕೇ ಬೇಕು. ಇಲ್ಲಿಯೂ ಹದ ನೋಡುವ ಕಣ್ಣು ಬೇಕು. ಕತ್ತಿನಲ್ಲಿ ನಿಂತ ಕೊಬ್ಬು ಕರಗಿದ ತುಪ್ಪದಂತೆ ತಿಳಿಯಾಗಿ, ಹೊನ್ನಿನ ಬಣ್ಣದಲ್ಲಿದ್ದರೆ ಪರೀಕ್ಷೆ ಸರಿ. ಕೆಳಗೆ ಸೀದ ಕರಿ ಚೂರುಗಳಿದ್ದರೆ ಆಮ್ಲ ಖಾರವಾಗಿದೆ. ಬಿಳಿ ಮೊಸರಿನಂಥ ಚೂರುಗಳಿದ್ದರೆ ಆಮ್ಲ ಸಪ್ಪೆಯಾಗಿದೆ. ಎರಡರಲ್ಲಿ ಯಾವುದು ಕಂಡರೂ "ಇನ್ನೊಮ್ಮೆ ಮಾಡಿ" ಎಂದು ವಿನಯದಿಂದ ಕೇಳಬಹುದು.

2. ಕುದಿತದ ಪರೀಕ್ಷೆ, ನಮ್ಮ ಗಿಣ್ಣಿನ ಪಾಠ

ಸಣ್ಣ ಗಾಜಿನ ಪ್ರನಾಳದಲ್ಲಿ ಸುಮಾರು 5 ಮಿ.ಲೀ. ಹಾಲು ಹಾಕಿ ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು ನೋಡುವುದು ಕುದಿತದ ಪರೀಕ್ಷೆ. ಪ್ರನಾಳವನ್ನು ಓರೆ ಮಾಡಿದಾಗ ಗೋಡೆಗೆ ಚೂರು ಅಂಟಿದ್ದರೆ ಆ ಹಾಲು ತಿರಸ್ಕೃತ.

ಈ ಪರೀಕ್ಷೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಈದ ಹಸುವಿನ ಮೊದಲ ಹಾಲನ್ನು ಬೆಲ್ಲ ಹಾಕಿ ಕಾಯಿಸಿದರೆ ಹೆಪ್ಪಿಲ್ಲದೆಯೇ ಗಿಣ್ಣಾಗಿ ಗಟ್ಟಿಯಾಗುವುದು ಅವರಿಗೆ ಗೊತ್ತು. ಆ ಹಾಲಿನಲ್ಲಿ ಕರುವನ್ನು ರೋಗದಿಂದ ಕಾಯುವ ಪ್ರೋಟೀನು ವಿಪರೀತವಾಗಿದೆ, ಬಿಸಿ ತಾಗಿದೊಡನೆ ಅದು ಗಟ್ಟಿಯಾಗುತ್ತದೆ. ಆದ್ದರಿಂದಲೇ ಗಿಣ್ಣುಹಾಲನ್ನು ಸಂಘದ ಕ್ಯಾನಿಗೆ ಸುರಿಯಬಾರದು. ಒಂದು ಮನೆಯ ಗಿಣ್ಣುಹಾಲು ಇಡೀ ಕ್ಯಾನಿನ ಹಾಲನ್ನು ಒಡೆಸಬಲ್ಲದು. ಮೊದಲ ಪಾಲು ಕರುವಿನದು. ಹುಟ್ಟಿದ ಒಂದು ಗಂಟೆಯೊಳಗೆ ಅದಕ್ಕೆ ಕುಡಿಸಿ.

ಕೆಚ್ಚಲು ಬಾವು ಬಂದ ಹಸುವಿನ ಹಾಲು, ಹುಳಿಯಾದ ಹಾಲು ಸಹ ಈ ಪರೀಕ್ಷೆಯಲ್ಲಿ ಒಡೆಯುತ್ತವೆ. ಒಡೆಯಿತು ಎಂದಾಕ್ಷಣ "ನೀರು ಬೆರೆಸಿದ್ದಾರೆ" ಎಂದು ಯಾರೂ ಯಾರನ್ನೂ ದೂರಬೇಕಾಗಿಲ್ಲ.

3. ಹಾಲಿನ ಹದವನ್ನು ಹೇಳುವ ಮಾತುಗಳು

ಹಾಲು ಕರೆಯುವ ಮುನ್ನ ಪ್ರತಿ ಮೊಲೆಯ ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟಲಿಗೆ ಬಿಟ್ಟು ನೋಡಿ. ಬಿಳಿ ಚೂರು ಕಪ್ಪಿನ ಮೇಲೆ ಚೆನ್ನಾಗಿ ಕಾಣುತ್ತದೆ. ನೆಲಕ್ಕೆ ಬಿಡಬೇಡಿ, ರೋಗಾಣು ಕೊಟ್ಟಿಗೆಗೆ ಹರಡುತ್ತದೆ. ಕಂಡದ್ದನ್ನು ಈ ಮಾತುಗಳಲ್ಲಿ ಹೇಳಿ:

ನುಚ್ಚು ನುಚ್ಚಾಗಿದೆ: ಮೊದಲ ಧಾರೆಯಲ್ಲಿ ಅಕ್ಕಿ ನುಚ್ಚಿನಂಥ ಚೂರು, ಆಮೇಲೆ ಹಾಲು ಸರಿಯಾಗಿ ಬರುತ್ತದೆ. ಕೆಚ್ಚಲು ಬಾವಿನ ಆರಂಭ ಇದು. ಮೊಲೆ ಉಳಿಸಿಕೊಳ್ಳಲು ಇದೇ ಒಳ್ಳೆಯ ಸಮಯ.

ನೀರು ನೀರಾಗಿದೆ: ಹಾಲಿನ ಬದಲು ಹಳದಿ ಬೆರೆತ ತಿಳಿನೀರು, ಕೆಚ್ಚಲು ಬಿಸಿ, ಹಸು ಮೇವು ಬಿಟ್ಟಿದೆ. ಇದು ತುರ್ತು. ಬೆಳಗಾಗಲಿ ಎಂದು ಕಾಯಬೇಡಿ, ಹಸುವಿನ ಪ್ರಾಣಕ್ಕೇ ಅಪಾಯ.

ಕೀವಿನಂತಿದೆ: ಮಂದವಾಗಿ, ದುರ್ವಾಸನೆಯಿಂದ ಕೂಡಿದೆ. ರೋಗ ಬಲಿತಿದೆ.

ಕೆಂಪಾಗಿದೆ: ಈದ ಹೊಸದರಲ್ಲಿ ಕೆಚ್ಚಲಿನ ಸಣ್ಣ ರಕ್ತನಾಳ ಒಡೆದು ಹೀಗಾಗುವುದುಂಟು. ಪೆಟ್ಟು ಬಿದ್ದರೂ ಆಗಬಹುದು. ಈದು ಎಷ್ಟು ದಿನವಾಯಿತು, ಪೆಟ್ಟು ಬಿದ್ದಿದೆಯೇ ಎಂಬುದನ್ನು ಜೊತೆಗೆ ತಿಳಿಸಿ.

ಎಳೆ ಎಳೆಯಾಗಿದೆ: ಇಲ್ಲಿ ಎಚ್ಚರ. ಕರೆಯುವಾಗಲೇ ಎಳೆ ಬಂದರೆ ದೋಷ ಕೆಚ್ಚಲಿನಲ್ಲಿದೆ. ಕರೆಯುವಾಗ ಸರಿಯಿದ್ದು, ಇಟ್ಟ ಹಾಲು ಹೊತ್ತು ಕಳೆದ ಮೇಲೆ ಸೌಟಿಗೆ ಲೋಳೆಯಂತೆ ಎಳೆದು ಬಂದರೆ ದೋಷ ಪಾತ್ರೆಯಲ್ಲಿ ಅಥವಾ ತೊಳೆದ ನೀರಿನಲ್ಲಿದೆ. ಮೊದಲನೆಯದಕ್ಕೆ ವೈದ್ಯರು ಬೇಕು, ಎರಡನೆಯದಕ್ಕೆ ಸೋಡಾಪುಡಿ, ಬಿಸಿನೀರು, ಬಿಸಿಲು.

ಪಾತ್ರೆಯ ಬಗ್ಗೆ ಒಂದು ಮಾತು. ಕಿರಿದಾದ ಬಾಯಿಯ, ಒಳಗೆ ಮೂಲೆಗಳಿರುವ ಪ್ಲಾಸ್ಟಿಕ್ ಡಬ್ಬಕ್ಕೆ ಕೈ ಹೋಗುವುದಿಲ್ಲ, ಹಳೆಯ ಹಾಲಿನ ಪಸೆ ಅಲ್ಲೇ ಉಳಿಯುತ್ತದೆ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆ ಹಾಲಿನ ರುಚಿ ಕೆಡಿಸುತ್ತದೆ. ಅಗಲ ಬಾಯಿಯ ಸ್ಟೀಲ್ ಪಾತ್ರೆ ಎಲ್ಲಕ್ಕಿಂತ ಉತ್ತಮ.

4. ಕಣ್ಣಿಗೆ ಕಾಣದ ಬಾವಿಗೆ ನಾಲ್ಕು ಬಟ್ಟಲು

ಹಾಲು ನೋಡಲು ಚೆನ್ನಾಗಿಯೇ ಇದ್ದು, ಒಳಗೊಳಗೇ ಬಾವು ಇರುವುದುಂಟು. ಹಾಲಿನ ಇಳುವರಿ ಸದ್ದಿಲ್ಲದೆ ಇಳಿಯುತ್ತದೆ. ಇದನ್ನು ಹಿಡಿಯಲು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1957ರಲ್ಲಿ ಶಾಲ್ಮ್ ಮತ್ತು ನೂರ್ಲ್ಯಾಂಡರ್ ಎಂಬುವರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದರ ಉಪಕರಣ ನಾಲ್ಕು ಗುಳಿಗಳಿರುವ ಒಂದು ತಟ್ಟೆ, ಅಷ್ಟೇ. ಮನೆಯಲ್ಲಿ ನಾಲ್ಕು ಸಣ್ಣ ಬಟ್ಟಲು ಸಾಕು. ಅರ್ಧ ಲೀಟರ್ ನೀರಿಗೆ ಸುಮಾರು 15 ಗ್ರಾಂ ಬಟ್ಟೆ ಒಗೆಯುವ ಸೋಪಿನ ಪುಡಿ ಕರಗಿಸಿ. ನಾಲ್ಕು ಮೊಲೆಯ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಒಂದೊಂದು ಚಮಚ ಹಿಡಿದು, ಅಷ್ಟೇ ಸೋಪಿನ ನೀರು ಹಾಕಿ ಮೆಲ್ಲಗೆ ವೃತ್ತಾಕಾರವಾಗಿ ತಿರುಗಿಸಿ.

ನೀರಿನಂತೆ ಹರಿದಾಡಿದರೆ ಆ ಮೊಲೆ ಆರೋಗ್ಯವಾಗಿದೆ. ನಸು ಲೋಳೆ ಕಂಡು ಮಾಯವಾದರೆ ಅನುಮಾನ, ಎರಡು ದಿನ ಬಿಟ್ಟು ಮತ್ತೆ ನೋಡಿ. ಗಂಜಿಯ ತಿಳಿಯಂತೆ ಲೋಳೆ ನಿಂತರೆ ಬಾವು ಇದೆ. ಅಂಬಲಿಯಂತೆ ಮಂದವಾಗಿ ನಡುವೆ ಗುಂಪುಗೂಡಿದರೆ ಹೆಚ್ಚಿದೆ. ಮೊಟ್ಟೆಯ ಬಿಳಿಯಂತೆ ಮುದ್ದೆಯಾಗಿ ತಳಕ್ಕೆ ಅಂಟಿದರೆ ತೀವ್ರವಾಗಿದೆ. ಬಾವಿದ್ದ ಕಡೆ ರಕ್ತದ ಬಿಳಿ ಕಣಗಳು ಹಾಲಿಗೆ ಇಳಿಯುತ್ತವೆ. ಸೋಪು ಅವನ್ನು ಒಡೆದಾಗ ಒಳಗಿನ ಪದಾರ್ಥ ಲೋಳೆಯಾಗುತ್ತದೆ. ಗಿಣ್ಣಿನ ದಿನಗಳಲ್ಲಿ ಮತ್ತು ಹಾಲು ಬತ್ತುವ ಕೊನೆಯ ದಿನಗಳಲ್ಲಿ ರೋಗವಿಲ್ಲದಿದ್ದರೂ ಸ್ವಲ್ಪ ಲೋಳೆ ಬರಬಹುದು. ಪರೀಕ್ಷೆ ಮಾಡಿದ ಹಾಲನ್ನು ಯಾರಿಗೂ, ಯಾವ ಪ್ರಾಣಿಗೂ ಕುಡಿಸದೆ ಚೆಲ್ಲಿಬಿಡಿ.

5. ಗಡಿಯ ಊರಿನಲ್ಲಿ ಎರಡು ನುಡಿ

ಈಗಿನ ಹನೂರು ತಾಲ್ಲೂಕು ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮಲೆ ಮಹದೇಶ್ವರ ಬೆಟ್ಟದಾಚೆ, ಹೊಗೆನಕಲ್ ದಿಕ್ಕಿನ ಗೋಪಿನಾಥಂ ಭಾಗದಲ್ಲಿ ಇಂದಿಗೂ ಅನೇಕ ಮನೆಗಳ ಮಾತು ತಮಿಳು. ಆಲಂಬಾಡಿ, ಬರಗೂರು ತಳಿಯ ದನಗಳ ಸೀಮೆ ಇದು. ದನದ ಬಗ್ಗೆ ಇಲ್ಲಿನವರಿಗೆ ಇರುವ ತಿಳಿವಳಿಕೆ ದೊಡ್ಡದು. ಆದರೆ ಕನ್ನಡ ಮಾತ್ರ ಬಲ್ಲ ವೈದ್ಯರಿಗೆ ಅದನ್ನು ಫೋನಿನಲ್ಲಿ ಹೇಳುವಾಗ ಕೆಲವು ಮಾತು ಕಾಲು ಎಡವಿಸುತ್ತವೆ.

ತಮಿಳಿನಲ್ಲಿ "ಕಟ್ಟಿ" ಎಂದರೆ ಗಡ್ಡೆ, ಹೆಪ್ಪು. ಹಾಲು ಕಟ್ಟಿ ಕಟ್ಟಿಯಾಗಿ ಬರುತ್ತಿದೆ ಎಂದರೆ ಬಾವಿನ ಲಕ್ಷಣ. ಕನ್ನಡದ ಕಿವಿಗೆ ಅದು "ಗಟ್ಟಿ ಹಾಲು" ಎಂದು ಕೇಳಬಹುದು. ನಮ್ಮಲ್ಲಿ ಗಟ್ಟಿ ಹಾಲು ಎಂದರೆ ನೀರು ಬೆರೆಸದ ಒಳ್ಳೆಯ ಹಾಲು! ತಮಿಳಿನಲ್ಲಿ "ಕೆಟ್ಟಿ" ಎಂದರೆ ಮಂದ, ಗಟ್ಟಿ. ಕನ್ನಡದ ಕಿವಿಗೆ ಅದು "ಕೆಟ್ಟಿದೆ" ಆಗುತ್ತದೆ. ತಮಿಳಿನ "ಮಡಿ" ನಮ್ಮ ಕೆಚ್ಚಲು. ಕನ್ನಡದಲ್ಲಿ ಮಡಿ ಎಂದರೆ ಪೂಜೆಯ ಮಡಿ. ಅವರ "ಸೀಂಬಾಲ್" ನಮ್ಮ ಗಿಣ್ಣುಹಾಲು, ಅವರ "ಆಡೈ" ನಮ್ಮ ಕೆನೆ. "ಪಾಲ್ ತಿರಿಂಜು ಪೋಚ್ಚು" ಎಂದರೆ ಹಾಲು ಒಡೆದುಹೋಯಿತು ಎಂದು.

ಇದರಲ್ಲಿ ಯಾರ ನುಡಿಯೂ ತಪ್ಪಲ್ಲ. ಹೇಳುವವರು ಹೋಲಿಕೆ ಸೇರಿಸಿದರೆ ಸಾಕು. ನುಚ್ಚಿನಂತೆ, ಗಂಜಿಯಂತೆ, ಮೊಟ್ಟೆಯ ಬಿಳಿಯಂತೆ ಎಂದರೆ ಎರಡೂ ನುಡಿಯ ಅಡುಗೆಮನೆಗೆ ಅರ್ಥವಾಗುತ್ತದೆ. ಕೇಳುವ ವೈದ್ಯರೂ, ಸಂಘದ ಕಾರ್ಯದರ್ಶಿಗಳೂ ಈ ನಾಲ್ಕಾರು ಪದಗಳನ್ನು ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

6. ಬೆದೆಯ ಲೋಳೆ

ಹದದ ಮಾತು ಹಾಲಿಗಷ್ಟೇ ಅಲ್ಲ. ಹಸುವಿನ ಬಾಲದ ಬುಡದಲ್ಲಿ ಗಾಜಿನಂತೆ ತಿಳಿಯಾಗಿ, ಕಡಿಯದೆ ದಾರದಂತೆ ಇಳಿಯುವ ಲೋಳೆ ಬೆದೆಯ ಗುರುತು. ಬೆಳಿಗ್ಗೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಅದೇ ಲೋಳೆ ಮಬ್ಬಾಗಿ, ಬಿಳಿ ಕೀವಿನ ಚುಕ್ಕೆಗಳಿದ್ದರೆ ಗರ್ಭಕೋಶದಲ್ಲಿ ಸೋಂಕಿದೆ. ಆಗ ಮೊದಲು ಚಿಕಿತ್ಸೆ, ಆಮೇಲೆ ಗರ್ಭಧಾರಣೆ. "ಲೋಳೆ ಹಾಕ್ತದೆ" ಎಂದಷ್ಟೇ ಹೇಳಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಕರೆ ಮಾಡುವಾಗ ಹೇಳಬೇಕಾದ ಐದು ವಿಷಯ

1) ಹಸು ಈದು ಎಷ್ಟು ದಿನವಾಯಿತು.
2) ಯಾವ ಮೊಲೆ: ಮುಂದಿನದೋ ಹಿಂದಿನದೋ, ಎಡವೋ ಬಲವೋ.
3) ಹಾಲಿನ ಹದ ಯಾವುದರಂತೆ ಇದೆ, ಬಣ್ಣ ಯಾವುದು.
4) ಬದಲಾವಣೆ ಕಂಡದ್ದು ಕರೆಯುವಾಗಲೋ, ಇಟ್ಟ ಮೇಲೋ, ಕಾಯಿಸಿದಾಗಲೋ.
5) ಕೆಚ್ಚಲು ಬಿಸಿಯಿದೆಯೇ, ಗಡುಸಾಗಿದೆಯೇ, ಹಸು ಮೇವು ತಿನ್ನುತ್ತಿದೆಯೇ.

ಸಂಘಕ್ಕೆ ಹಾಲು ಹಾಕುವ ಹಸುವಿಗೆ ಕೆಚ್ಚಲು ಬಾವಿನ ಚಿಕಿತ್ಸೆ ನಡೆದಿದ್ದರೆ, ವೈದ್ಯರು ಹೇಳಿದಷ್ಟು ದಿನ ಅದರ ಹಾಲನ್ನು ಸಂಘಕ್ಕೆ ಹಾಕಬೇಡಿ. ತುರ್ತು ಸಂದರ್ಭದಲ್ಲಿ ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು. ಮೇಲಿನ ಐದು ವಿಷಯಗಳನ್ನು ಒಂದು ರಟ್ಟಿನ ಮೇಲೆ ಬರೆದು ಕೊಟ್ಟಿಗೆಯ ಗೋಡೆಗೆ ತೂಗುಹಾಕಿ. ಹಾಲು ಕರೆಯುವವರು ಮನೆಯ ಹೆಣ್ಣುಮಕ್ಕಳಾದರೆ ಫೋನಿನಲ್ಲಿ ಮಾತನಾಡುವವರೂ ಅವರೇ ಆಗಲಿ. ಹಾಲಿನ ಹದ ಕಂಡವರೇ ಅದನ್ನು ಸರಿಯಾಗಿ ಹೇಳಬಲ್ಲರು.