ಗೇಟ್ ಬಿದ್ದಾಗ ಮಾಡಬೇಕಾದ ಲೆಕ್ಕ

ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿ ರಾಣೆಬೆನ್ನೂರು, ದೇವರಗುಡ್ಡ, ಬ್ಯಾಡಗಿ, ಹಾವೇರಿ ಸಾಲಾಗಿ ಬರುತ್ತವೆ. ಈ ಮಾರ್ಗ ಈಗ ಜೋಡಿ ಹಳಿಯಾಗಿದೆ, ವಿದ್ಯುತ್ ತಂತಿಯೂ ಬಂದಿದೆ. 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಕೂಡ ಇದೇ ಹಳಿ ಮೇಲೆ ಓಡ್ತಿದೆ. ರಸ್ತೆ ಕಡೆ ನೋಡಿದರೆ ಬ್ಯಾಡಗಿಗೆ ಮೆಣಸಿನಕಾಯಿ ಲಾರಿ, ರಾಣೆಬೆನ್ನೂರು ಮತ್ತು ಹಾವೇರಿಗೆ ಗೋವಿನಜೋಳ, ಹತ್ತಿ ಹೊತ್ತ ಟ್ರ್ಯಾಕ್ಟರ್, ಜೊತೆಗೆ ಶಾಲೆ ಬಸ್ಸು, ಆಂಬುಲೆನ್ಸ್. ರೈಲೂ ಹೆಚ್ಚು, ಗಾಡಿಯೂ ಹೆಚ್ಚು. ಇವೆರಡೂ ಒಂದೇ ಮಟ್ಟದಲ್ಲಿ ಅಡ್ಡ ಹಾಯುವ ಜಾಗವೇ ಲೆವೆಲ್ ಕ್ರಾಸಿಂಗ್. ಇವನ್ನು ಬೇರೆ ಮಾಡೋದು ಹೇಗೆ ಅಂತ ಈ ಪಾಠದಲ್ಲಿ ನೋಡೋಣ.

ಮೊದಲನೆಯದು: ಗೇಟ್ ತೆಗೆದ ಮೇಲೂ ಯಾಕೆ ಜಾಮ್?

ಸಿಗ್ನಲ್ ಜೊತೆ ಜೋಡಿಸಿದ ಗೇಟ್ ಪೂರ್ತಿ ಬಿದ್ದು ಬೀಗ ಬೀಳದೆ ರೈಲಿಗೆ ಹಸಿರು ಸಿಗೋದಿಲ್ಲ. ಅದಕ್ಕೇ ರೈಲು ಇನ್ನೂ ದೂರ ಇರುವಾಗಲೇ ಗೇಟ್ ಬೀಳುತ್ತದೆ. ಗೇಟ್ 5 ನಿಮಿಷ ಮುಚ್ಚಿತು, ನಿಮಿಷಕ್ಕೆ 10 ಗಾಡಿ ಬರ್ತಿವೆ, ತೆಗೆದ ಮೇಲೆ ನಿಮಿಷಕ್ಕೆ 20 ಗಾಡಿ ದಾಟಬಲ್ಲವು ಅಂದುಕೊಳ್ಳಿ. ಸಾಲಿನಲ್ಲಿ 50 ಗಾಡಿ ನಿಂತವು. ದಾಟುವಾಗಲೂ ಹಿಂದಿನಿಂದ 10 ಬಂದು ಸೇರುವುದರಿಂದ ಸಾಲು ಕರಗೋದು ನಿಮಿಷಕ್ಕೆ 10ರಂತೆ ಮಾತ್ರ. ಅಂದ್ರೆ ಇನ್ನೂ 5 ನಿಮಿಷ ಬೇಕು.

ಈಗ ಸುಗ್ಗಿ ಬಂತು, ನಿಮಿಷಕ್ಕೆ 15 ಗಾಡಿ. ನಿಂತದ್ದು 75, ಕರಗೋದು ನಿಮಿಷಕ್ಕೆ 5, ಬೇಕಾದದ್ದು 15 ನಿಮಿಷ! ಗಾಡಿ ಒಂದೂವರೆ ಪಟ್ಟು ಆಯಿತು, ಕಾಯುವಿಕೆ ಮೂರು ಪಟ್ಟು ಆಯಿತು. ಆ 15 ನಿಮಿಷದೊಳಗೆ ಇನ್ನೊಂದು ರೈಲು ಬಂದರೆ ಹಳೇ ಸಾಲಿನ ಬಾಲಕ್ಕೆ ಹೊಸ ಸಾಲು ಸೇರಿಕೊಳ್ಳುತ್ತದೆ. ಜನ ಗೇಟ್ ಕೆಳಗೆ ಬೈಕ್ ಬಗ್ಗಿಸಿ ನುಸುಳೋದು ಇಂಥ ಹೊತ್ತಲ್ಲೇ. ಜೋಡಿ ಹಳಿಯಲ್ಲಿ ಒಂದು ರೈಲು ಹೋದ ಕೂಡಲೇ ಎದುರಿನಿಂದ ಇನ್ನೊಂದು ಬರಬಹುದು ಅನ್ನೋದನ್ನ ಮರೆತವರ ಜೀವ ಹೋಗುತ್ತದೆ.

ಯಾವ ಗೇಟಿಗೆ ಸೇತುವೆ ಬೇಕು ಅಂತ ನಿರ್ಧರಿಸಲು ರೈಲ್ವೆ ಬಳಸುವ ಅಳತೆ ಟಿವಿಯು. ದಿನದ ರೈಲುಗಳ ಸಂಖ್ಯೆಯನ್ನು ದಿನದ ವಾಹನ ಘಟಕಗಳಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಲಾರಿ, ಕಾರು, ಎತ್ತಿನಗಾಡಿ ತಲಾ ಒಂದು ಘಟಕ, ಆಟೋ ಅರ್ಧ. ಗುಣಲಬ್ಧ 1 ಲಕ್ಷ ದಾಟಿದರೆ ರೈಲ್ವೆ ಮತ್ತು ರಾಜ್ಯ ಅರ್ಧರ್ಧ ವೆಚ್ಚ ಹಾಕಿ ಸೇತುವೆ ಕಟ್ಟುವ ಪದ್ಧತಿ ಬಹುಕಾಲದಿಂದ ಇದೆ. 50 ರೈಲು ಓಡುವ ಕಡೆ 2,000 ಘಟಕ ಸಾಕು, ಲಕ್ಷ ಮುಟ್ಟಿತು.

ಎರಡನೆಯದು: ಮೇಲೋ, ಕೆಳಗೋ?

ರೈಲನ್ನೇ ಏರಿಸಬಹುದಲ್ಲ ಅಂತ ಕೇಳಬಹುದು. ಗಾಡಿ 30 ಮೀಟರಿಗೆ 1 ಮೀಟರ್ ಆರಾಮಾಗಿ ಏರುತ್ತದೆ. ಗೂಡ್ಸ್ ರೈಲಿಗೆ 100ಕ್ಕೆ 1 ಅಂದರೂ ಕಷ್ಟವೇ. ಆದ್ದರಿಂದ ಸಾಮಾನ್ಯವಾಗಿ ರಸ್ತೆಯೇ ಏರಬೇಕು, ಇಲ್ಲವೇ ಇಳಿಯಬೇಕು.

ಮೇಲೆ ಹೋದರೆ: ವಿದ್ಯುತ್ ತಂತಿ ಇರುವ ಹಳಿಯಿಂದ ಸೇತುವೆಯ ತಳಕ್ಕೆ 6.525 ಮೀಟರ್ ಬಿಡಬೇಕು. ಗರ್ಡರ್, ಸ್ಲ್ಯಾಬ್ ಸೇರಿ ಸುಮಾರು 1.5 ಮೀಟರ್ ಹಿಡಿಯಿರಿ. ಒಟ್ಟು 8 ಮೀಟರ್. 30ಕ್ಕೆ 1ರ ಏರಿನಲ್ಲಿ ಪ್ರತಿ ಬದಿಗೆ 240 ಮೀಟರ್ ಉದ್ದ ಬೇಕು.

ಕೆಳಗೆ ಹೋದರೆ: ಲಾರಿಗೆ 5.5 ಮೀಟರ್ ಎತ್ತರ, ಮೇಲೆ ಬಾಕ್ಸ್‌ನ ಸ್ಲ್ಯಾಬ್ ಮತ್ತು ಜಲ್ಲಿ ಸುಮಾರು 1.5. ಒಟ್ಟು 7 ಮೀಟರ್. ಪ್ರತಿ ಬದಿಗೆ 210 ಮೀಟರ್.

ಹೆಚ್ಚು ವ್ಯತ್ಯಾಸ ಕಾಣೋದಿಲ್ಲ, ಅಲ್ವಾ? ಈಗ ಹಳಿ ಏರಿಯ ಮೇಲಿದೆ, ಸುತ್ತಲ ನೆಲಕ್ಕಿಂತ 3 ಮೀಟರ್ ಎತ್ತರದಲ್ಲಿದೆ ಅನ್ನೋಣ. ಮೇಲಿನ ಸೇತುವೆಗೆ 11 ಮೀಟರ್ ಏರಬೇಕು, 330 ಮೀಟರ್ ಉದ್ದ. ಕೆಳಸೇತುವೆಗೆ 4 ಮೀಟರ್ ಇಳಿದರೆ ಸಾಕು, 120 ಮೀಟರ್. ಏರಿಯ ಎತ್ತರ 1 ಮೀಟರ್ ಹೆಚ್ಚಿದಷ್ಟೂ ಒಂದು 30 ಮೀಟರ್ ಉದ್ದವಾಗುತ್ತದೆ, ಇನ್ನೊಂದು 30 ಮೀಟರ್ ಗಿಡ್ಡವಾಗುತ್ತದೆ. ಹೀಗಾಗಿ ಸರ್ವೆ ಮಾಡುವಾಗ ಮೊದಲು ಬೇಕಾದದ್ದು ಹಳಿ ಮತ್ತು ನೆಲದ ಮಟ್ಟದ ವ್ಯತ್ಯಾಸ.

ಮೂರನೆಯದು: ನೀರು, ಮಣ್ಣು, ಅಂಗಡಿ

ಕೆಳಸೇತುವೆ ಗಿಡ್ಡ, ಆದರೆ ನೀರು ಅಲ್ಲಿಗೇ ಇಳಿಯುತ್ತದೆ. ಎರಡೂ ಬದಿ ಸೇರಿ 240 ಮೀಟರ್ ಉದ್ದ, 8 ಮೀಟರ್ ಅಗಲ ಅಂದರೆ ಸುಮಾರು 1,900 ಚದರ ಮೀಟರ್. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ 95,000 ಲೀಟರ್ ನೀರು! ಸೆಕೆಂಡಿಗೆ 26 ಲೀಟರ್ ಎತ್ತುವ ಪಂಪ್ ಬೇಕು, ಅದೂ ಕರೆಂಟ್ ಹೋಗುವ ಮಳೆಯಲ್ಲೇ. ಹಾವೇರಿ ಸೀಮೆಯ ಎರೆಮಣ್ಣಿನಲ್ಲಿ ನೀರು ಬೇಗ ಇಂಗೋದೂ ಇಲ್ಲ. ಹತ್ತಿರದ ಹಳ್ಳದ ಮಟ್ಟ ಕೆಳಸೇತುವೆಯ ತಳಕ್ಕಿಂತ ಕೆಳಗಿದ್ದರೆ ನೀರು ತಾನೇ ಹರಿದು ಹೋಗುತ್ತದೆ. ಇಲ್ಲದಿದ್ದರೆ ಪಂಪೇ ಗತಿ. ಎತ್ತರ ಕಡಿಮೆ ಮಾಡಿ ಅಗ್ಗದಲ್ಲಿ ಮುಗಿಸಿದರೆ ಕಾರು, ಬೈಕು ದಾಟುತ್ತವೆ, ಆದರೆ ಹೊಟ್ಟು ಹೇರಿದ ಟ್ರ್ಯಾಕ್ಟರ್, ಎತ್ತರಕ್ಕೆ ಚೀಲ ಒಟ್ಟಿದ ಮೆಣಸಿನಕಾಯಿ ಲಾರಿ ದಾಟೋದಿಲ್ಲ. ಬ್ಯಾಡಗಿಯಂಥ ಊರಿಗೆ ಅಂಥ ದಾರಿ ಅರ್ಧ ದಾರಿ ಮಾತ್ರ.

ಮೇಲಿನ ಸೇತುವೆಗೂ ಎರೆಮಣ್ಣು ಸುಲಭ ಬಿಡೋದಿಲ್ಲ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಮಣ್ಣಿನ ಮೇಲೆ ನೇರವಾಗಿ ಏರಿ ಹಾಕಿದರೆ ರಸ್ತೆ ಕುಸಿಯುತ್ತದೆ. ಆ ಮಣ್ಣು ತೆಗೆದು ಗರಸು ತುಂಬಬೇಕು, ಇಲ್ಲವೇ ಸುಣ್ಣ ಬೆರೆಸಿ ಹದ ಮಾಡಬೇಕು. ಇನ್ನು ಆ 240 ಮೀಟರ್ ಉದ್ದಕ್ಕೂ ಇರುವ ಅಂಗಡಿಗಳ ಮುಂದೆ ಗೋಡೆ ಏಳುತ್ತದೆ. ನಿನ್ನೆವರೆಗೂ ಬಾಗಿಲಿಗೆ ಬರುತ್ತಿದ್ದ ಗಿರಾಕಿ ಇವತ್ತು ತಲೆ ಮೇಲೆ ಹಾದು ಹೋಗುತ್ತಾನೆ. ಸರ್ವಿಸ್ ರಸ್ತೆಯನ್ನೂ, ಪಾದಚಾರಿಗೆ ಹಳಿ ದಾಟುವ ಚಿಕ್ಕ ಸುರಂಗ ಅಥವಾ ಮೆಟ್ಟಿಲನ್ನೂ ಮೊದಲ ನಕಾಶೆಯಲ್ಲೇ ಸೇರಿಸಬೇಕು. ಇಲ್ಲದಿದ್ದರೆ ಮುದುಕರು, ಮಕ್ಕಳು ಅರ್ಧ ಕಿಲೋಮೀಟರ್ ಸುತ್ತೋ ಬದಲು ಮತ್ತೆ ಹಳಿ ಮೇಲೆಯೇ ನಡೆಯುತ್ತಾರೆ. ಅಪಾಯ ತಪ್ಪಿಸಲು ಕಟ್ಟಿದ ಸೇತುವೆ ಕೆಳಗೇ ಅಪಾಯ ಉಳಿಯುತ್ತದೆ.

ಕೊನೆಯ ಮಾತು: ಎಷ್ಟೋ ಕಡೆ ಹಳಿ ಮೇಲಿನ ಭಾಗ ರೈಲ್ವೆಯದು, ಎರಡು ಬದಿಯ ಏರು ರಾಜ್ಯದ್ದು. ಭೂಸ್ವಾಧೀನ ತಡವಾದರೆ ನಡುವಿನ ತುಂಡು ಮಾತ್ರ ಎದ್ದು ನಿಲ್ಲುತ್ತದೆ, ಕೆಳಗೆ ಗೇಟ್ ಬೀಳ್ತಾನೇ ಇರುತ್ತದೆ.

ನಿಮಗೊಂದು ಅಭ್ಯಾಸ. ರಜೆಗೆ ಊರಿಗೆ ಹೋದಾಗ ಹತ್ತಿರದ ಗೇಟಿನ ಬಳಿ ಸುರಕ್ಷಿತ ದೂರದಲ್ಲಿ ಒಂದು ಗಂಟೆ ನಿಲ್ಲಿ. ಗೇಟ್ ಮುಚ್ಚಿದ ನಿಮಿಷ, ನಿಂತ ಗಾಡಿ, ಸಾಲು ಕರಗಿದ ಹೊತ್ತು, ಹಳಿಯ ಎತ್ತರ, ಮಳೆ ನೀರು ಹರಿಯುವ ದಿಕ್ಕು, ನಡೆದು ದಾಟುವವರ ಸಂಖ್ಯೆ, ಈ ಆರನ್ನೂ ಬರೆದುಕೊಳ್ಳಿ. ಮೇಲೋ ಕೆಳಗೋ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಆ ಹಾಳೆಯಲ್ಲೇ ಸಿಗುತ್ತದೆ.